ಕಾಗೆ ಮುಟ್ಟದ ದಿನ

ಯಾರಾದರೂ ನಾಲ್ಕು ದಿನ ಸಮುದ್ರದ ಕಡೆ ಹೋಗಿ ಆರಾಮಾಗಿ ಇದ್ದು ಬರೋಣ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೇಳಿದವರದು ತಪ್ಪಿಲ್ಲ. ಅವರು ಪಾಪ, ಇವತ್ತು ಅಂದುಕೊಂಡು ನಾಳೆ ಚೀಲ ತುಂಬಿಕೊಂಡು ಹೊರಡುವವರು. ನಮ್ಮ ಮನೆಯಲ್ಲಿ ಆ ನಾಲ್ಕು ದಿನಕ್ಕೆ ಆರು ವರ್ಷ ತಯಾರಿ ನಡೆಯಿತು. ಯಾರಿಗಾಗಿ ತಯಾರಿ ಶುರುವಾಯಿತೋ ಅವಳೊಬ್ಬಳು ಹೋಗಲಿಲ್ಲ. ಹೋಗದ ಹಾಗೆ ಮಾಡಿದವಳು ನಾನು. ಆಗ ನನಗೆ ಒಂಬತ್ತು ವರ್ಷ. ವಯಸ್ಸು ಹೇಳುತ್ತಿರುವುದು ಕ್ಷಮೆ ಕೇಳಲಿಕ್ಕಲ್ಲ, ಓದುವವರಿಗೆ ಗೊತ್ತಿರಲಿ ಅಂತ.

ನಾವು ಧಾರವಾಡದ ಕಡೆಯವರು. ಅಪ್ಪನಿಗೆ ಪುಣೆಯ ಒಂದು ಸರ್ಕಾರಿ ಕಚೇರಿಯಲ್ಲಿ ಕಾರಕೂನನ ಕೆಲಸ. ಶನಿವಾರ ಪೇಟೆಯ ಹಳೆಯ ವಾಡೆಯೊಂದರ ಮಾಳಿಗೆಯ ಮೇಲೆ ಎರಡು ಕೋಣೆ, ಒಂದು ಅಡಿಗೆಮನೆ, ಓಣಿಯ ಕಡೆಗೆ ಉದ್ದನೆಯ ಒಂದು ಗ್ಯಾಲರಿ. ಅಪ್ಪ, ಅಪ್ಪನ ತಾಯಿ ಅಂದರೆ ನಮ್ಮ ಅಜ್ಜಿ, ಅವ್ವ, ನಾನು, ನನ್ನ ತಮ್ಮ, ಇಷ್ಟು ಜನ ಅಲ್ಲಿದ್ದೆವು. ಮನೆಯೊಳಗೆ ಕನ್ನಡ, ಮೆಟ್ಟಿಲು ಇಳಿದರೆ ಮರಾಠಿ. ನಮ್ಮ ಕೆಳಗಿನ ಮನೆಯಲ್ಲಿ ಅಪ್ಪನ ಕಚೇರಿಯವರೇ ಒಬ್ಬರಿದ್ದರು, ಗಂಡ ಹೆಂಡತಿ ಇಬ್ಬರೇ. ಹೆಂಡತಿಯನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಆಕೆಯ ತವರು ಕೊಂಕಣದ ಗುಹಾಗರ. ಸಮುದ್ರದ ದಂಡೆಯ ಮೇಲೆಯೇ ಮನೆ, ತೆಂಗಿನ ತೋಟದ ಹಿಂದಿನ ಬಾಗಿಲು ತೆಗೆದರೆ ಮರಳು. ಆ ದೊಡ್ಡ ಮನೆಯಲ್ಲಿ ಆಕೆಯ ಮುದಿ ಸೋದರತ್ತೆ ಒಬ್ಬರೇ ಇದ್ದರು.

ಆಸೆ ಹುಟ್ಟಿದ್ದು ಮಾವಶಿಯ ಬಾಯಿಂದ. ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಾಗ ಆಕೆ ತನ್ನ ಊರಿನ ಮಾತು ತೆಗೆಯುತ್ತಿದ್ದಳು. ಸಂಜೆ ದಂಡೆಗೆ ಹೋಗಿ ಕೂಡುವುದು, ಮರಳಿನಲ್ಲಿ ಕಾಲು ಚಾಚಿ, ಕೈ ಹಿಂದಕ್ಕೆ ಊರಿ. ಅಷ್ಟೇ. "ತಿಥೆ ಕೋಣೀ ವಿಚಾರತ ನಾಹೀ," ಅನ್ನುತ್ತಿದ್ದಳು. ಅಲ್ಲಿ ಯಾರೂ ಕೇಳುವುದಿಲ್ಲ, ಯಾಕೆ ಕೂತೆ, ಎಷ್ಟು ಹೊತ್ತು ಕೂತೆ ಅಂತ. ನೀರಿನ ಮಾತು, ತೆರೆಯ ಮಾತು, ಹಡಗಿನ ಮಾತು ಅವ್ವನ ಕಿವಿಗೆ ಬಿದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಲು ಚಾಚಿ ಕೂಡುವ ಮಾತು ಮಾತ್ರ ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಯಾಕೆಂದರೆ ನಮ್ಮ ಮನೆಯಲ್ಲಿ ಅವ್ವ ಕಾಲು ಚಾಚಿದ್ದನ್ನು ನಾನು ನೋಡಿರಲಿಲ್ಲ. ಅತ್ತೆ ಎದುರಿಗಿದ್ದಾಗ ಸೊಸೆ ಕಾಲು ಚಾಚಬಾರದು, ಗಂಡ ಮನೆಯಲ್ಲಿದ್ದಾಗ ಚಾಚಬಾರದು, ಒಲೆಯ ಕಡೆಗೆ ಚಾಚಬಾರದು, ದೇವರ ಕಡೆಗಂತೂ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಇವೆಲ್ಲ ತಪ್ಪಿಸಿ ಉಳಿಯುವ ದಿಕ್ಕು ಯಾವುದು. ಅವ್ವ ಒಂದು ಮೊಣಕಾಲು ಮಡಚಿ, ಒಂದನ್ನು ಎತ್ತಿ, ಈಗಲೇ ಎದ್ದು ಓಡುವವಳ ಹಾಗೆ ಕೂಡುತ್ತಿದ್ದಳು. ಮೂವತ್ತು ವರ್ಷವೂ ಆಗದ ಹೆಂಗಸಿಗೆ ರಾತ್ರಿ ಮಲಗುವಾಗ ಮೊಣಕಾಲು ಚುರುಗುಟ್ಟುತ್ತಿದ್ದವು. ಬೇವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಅಪ್ಪನಿಗೂ ಸಮುದ್ರ ಹಿಡಿಸಿತು, ಆದರೆ ಬೇರೆ ಕಾರಣಕ್ಕೆ. ಅವರಿಗೆ ಯೋಜನೆ ಹಾಕುವುದೆಂದರೆ ಪ್ರಾಣ. ರೇಲ್ವೆ ವೇಳಾಪತ್ರಿಕೆಯನ್ನೂ ಪಂಚಾಂಗವನ್ನೂ ಗೋಡೆಯ ಒಂದೇ ಮಾಡದಲ್ಲಿ ಒಂದರ ಮೇಲೊಂದು ಇಟ್ಟಿದ್ದರು. ಮಿರಜಿಗೆ ಹೋಗುವ ಗಾಡಿ ಹಿಡಿದು ಕರಾಡದಲ್ಲಿ ಇಳಿಯುವುದು, ಅಲ್ಲಿ ನದಿಯಲ್ಲಿ ಸ್ನಾನ, ಸಂಧ್ಯಾವಂದನೆ, ಮೋಟಾರು ಹತ್ತಿ ಘಟ್ಟ ಇಳಿದು ಚಿಪಳೂಣ, ಅಲ್ಲಿಂದ ಗುಹಾಗರ. ಊಟಕ್ಕೆ ಕೂತಾಗ ಇದನ್ನೆಲ್ಲ ಎಷ್ಟು ಸಲ ಹೇಳಿದ್ದರೆಂದರೆ ನನ್ನ ತಮ್ಮನೂ ಸ್ಟೇಶನ್ನುಗಳ ಹೆಸರು ಬಾಯಿಪಾಠ ಹೇಳುತ್ತಿದ್ದ. ಅಪ್ಪ ಹೋಗದೆಯೇ ಗುಹಾಗರದಲ್ಲಿ ಎಷ್ಟೋ ಸಲ ಇದ್ದು ಬಂದಿದ್ದರು.

ಹೋಗುವುದಕ್ಕೆ ಅಡ್ಡ ಬಂದದ್ದು ದುಡ್ಡಲ್ಲ, ರಜೆಯಲ್ಲ. ಧರ್ಮ. "ಸಮುದ್ರಾ ಅಂದ್ರ ಬಾವೀ ನೀರಲ್ಲ," ಅನ್ನುತ್ತಿದ್ದರು ಅಪ್ಪ. "ಪರ್ವಕಾಲ ಬಿಟ್ಟು ಮುಟ್ಟೂಹಂಗಿಲ್ಲ." ಅಂದರೆ ಹುಣ್ಣಿಮೆ ಅಮಾವಾಸ್ಯೆಯಂಥ ದಿನವೇ ಆಗಬೇಕು. ಶಾಲೆಗೆ ರಜೆ ಇರುವುದು, ಮಳೆ ಇಲ್ಲದಿರುವುದು, ಕಚೇರಿಯಲ್ಲಿ ಬಿಡುವು ಸಿಗುವುದು, ಇವೆಲ್ಲ ಸೇರಿದರೆ ಉಳಿಯುವುದು ವೈಶಾಖದ ಹುಣ್ಣಿಮೆ ಒಂದೇ. ಅದರ ಮೇಲೆ ಅಜ್ಜಿಯದು ಇನ್ನೊಂದು. ಹೆಂಡತಿ ಬಸುರಿಯಾಗಿದ್ದಾಗ ಗಂಡ ಸಮುದ್ರಸ್ನಾನ ಮಾಡಬಾರದು, ಬಸುರಿ ಘಟ್ಟ ಇಳಿಯಬಾರದು, ನದಿ ದಾಟಬಾರದು. ಇದನ್ನು ಅಜ್ಜಿ ಹೇಳುವಾಗ ಅಪ್ಪ ತಲೆ ಅಲ್ಲಾಡಿಸಿ ಹೌದು ಅನ್ನುತ್ತಿದ್ದರು. ಅವ್ವನನ್ನು ಬಸುರಿ ಮಾಡುತ್ತಿದ್ದವರು ಯಾರೋ ಮೂರನೆಯವರು ಅನ್ನುವ ಹಾಗೆ.

ಮೊದಲ ವರ್ಷ ಅವ್ವ ನನ್ನ ತಮ್ಮನ ಬಸುರಿ. ಎರಡನೆಯ ವರ್ಷ ಕೂಸು ಚಿಕ್ಕದು. ಮೂರನೆಯ ವರ್ಷ ಮತ್ತೆ ಬಸುರಿ, ಆ ಕೂಸು ಹನ್ನೊಂದು ದಿನ ಇದ್ದು ಹೋಯಿತು. ನಾಲ್ಕನೆಯ ವರ್ಷ ಎಲ್ಲ ಕೂಡಿ ಬಂದಿತ್ತು, ಆದರೆ ಹುಣ್ಣಿಮೆಯ ದಿನವೇ ಅವ್ವ ಹೊರಗೆ ಕೂಡುವ ದಿನ ಬರುತ್ತದೆಂದು ಅಜ್ಜಿ ಪಂಚಾಂಗ ನೋಡಿ ಹೇಳಿದಳು. ಐದನೆಯ ವರ್ಷ ಬಸುರಿ, ಮಳೆಗಾಲಕ್ಕೆ ಮೊದಲೇ ಅದು ನಿಲ್ಲದೆ ಹೋಯಿತು. ಪ್ರತಿ ಸಲವೂ ಅಪ್ಪ ವೇಳಾಪತ್ರಿಕೆಯನ್ನು ಮಾಡದಲ್ಲಿಟ್ಟು "ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದರು, ಬಸ್ಸು ತಪ್ಪಿದವರ ಹಾಗೆ.

ಆರನೆಯ ವರ್ಷ ಎಲ್ಲ ಸರಿಹೋಯಿತು. ಅವ್ವ ಬಸುರಿಯಿರಲಿಲ್ಲ, ಹುಣ್ಣಿಮೆ ಅವಳ ದಿನಗಳಿಗೆ ಅಡ್ಡ ಬರುತ್ತಿರಲಿಲ್ಲ. ಅಪ್ಪನಿಗೂ ಮಾವಶಿಯ ಗಂಡನಿಗೂ ಒಟ್ಟಿಗೆ ಎಂಟು ದಿನದ ರಜೆ ಮಂಜೂರಾಯಿತು. ನನಗೆ ಚೈತ್ರದಲ್ಲಿ ಚಳಿಜ್ವರ ಬಂದು ಹೋಗಿ ಮೈ ಕಡ್ಡಿಯಾಗಿತ್ತು, ಹವಾಪಾಲಟ ಆದರೆ, ಅಂದರೆ ಬೇರೆ ಊರಿನ ಗಾಳಿ ಸೋಕಿದರೆ, ಒಳ್ಳೆಯದು ಎಂದು ವೈದ್ಯರು ಹೇಳಿದ್ದರು. ಎಲ್ಲಕ್ಕಿಂತ ದೊಡ್ಡದು, ಅಜ್ಜಿ ತಾನಾಗಿಯೇ "ನನ್ನ ಕಾಲಿಗೆ ಆ ಘಟ್ಟಾ ಆಗೂದಿಲ್ಲ, ನೀವ ಹೋಗಿ ಬರ್ರಿ" ಅಂದಳು. ಪಕ್ಕದ ನಾರಾಯಣ ಪೇಟೆಯಿಂದ ಅವಳ ತಂಗಿಯ ಮಗಳು ಬಂದು ಜೊತೆಗಿರುವುದೆಂದು ನಿಶ್ಚಯವಾಯಿತು. ಎಂಟು ದಿನ, ಅತ್ತೆಯಿಲ್ಲದ ಎಂಟು ದಿನ. ಗುಹಾಗರದಲ್ಲಿ ಅಡಿಗೆಗೆ ಮಾವಶಿಯ ಸೋದರತ್ತೆ ಇದ್ದರು.

ಅವ್ವ ಆ ದಿನಗಳಲ್ಲಿ ಬೇರೆ ಹೆಂಗಸಾಗಿದ್ದಳು. ಅವಲಕ್ಕಿ ಹುರಿದು ಡಬ್ಬಿ ತುಂಬಿದಳು, ಚಕ್ಕುಲಿ ಕರಿದಳು, ಹಾಸಿಗೆ ಸುರುಳಿಗೆ ಹೊಸ ಹಗ್ಗ ತರಿಸಿದಳು. ಕೆಲಸದ ನಡುವೆ ಒಬ್ಬಳೇ ನಗುತ್ತಿದ್ದಳು. ಒಂದು ಸಲ ನನ್ನನ್ನು ಹತ್ತಿರ ಕರೆದು, "ಅಲ್ಲೆ ಹೋದಮ್ಯಾಲೆ ನನ್ನ ಯಾರೂ ಕರೀಬ್ಯಾಡ್ರಿ. ಸಂಜೀಮುಂದ ನಾ ಸುಮ್ನ ಕೂಡಾಕಿ," ಅಂದಳು. ನಾನು, ಎಷ್ಟು ಹೊತ್ತು ಎಂದು ಕೇಳಿದೆ. "ಕಾಲು ಸಾಕು ಅನ್ನೂತನಕ," ಅಂದಳು.

ಈಗ ಕಾಗೆಯ ಮಾತು ಹೇಳಬೇಕು. ಮನೆಯ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂಡುತ್ತಿದ್ದ ಕಾಲ ಅದು. ನಮ್ಮಲ್ಲಿ ಗ್ಯಾಲರಿಯ ಕೊನೆಯ ಮೂಲೆ ಅದಕ್ಕೆ ಮೀಸಲು. ಒಂದು ಚಾಪೆ, ಒಂದು ಕಂಬಳಿ, ಒಂದು ತಂಬಿಗೆ. ಆ ಮೂರು ದಿನ ಅವಳನ್ನು ಮುಟ್ಟಬಾರದು, ಅವಳು ಏನನ್ನೂ ಮುಟ್ಟಬಾರದು. ನಾಲ್ಕನೆಯ ದಿನ ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬರಬೇಕು. ಮಕ್ಕಳು ಯಾಕೆ ಎಂದು ಕೇಳಿದರೆ ದೊಡ್ಡವರು "ಕಾಗಿ ಮುಟ್ಟ್ಯದ" ಅನ್ನುತ್ತಿದ್ದರು. ಮಾವಶಿ ಹೊರಗೆ ಕೂತರೆ ಅವಳೂ ಅದನ್ನೇ "ಕಾವಳಾ ಶಿವಲಾ" ಅನ್ನುತ್ತಿದ್ದಳು. ಎರಡು ಭಾಷೆಯವರು ಸೇರಿ ಒಂದೇ ಸುಳ್ಳು ಹೇಳಿದರೆ ಹುಡುಗಿ ನಂಬದೆ ಏನು ಮಾಡಿಯಾಳು. ಪುಣೆಯ ಕಾಗೆಗಳಿಗೆ ನಮ್ಮ ಅವ್ವನ ಮೇಲೆ ಏನೋ ಸಿಟ್ಟಿದೆ, ತಿಂಗಳಿಗೊಮ್ಮೆ ಬಂದು ಮುಟ್ಟಿ ಹೋಗುತ್ತವೆ ಎಂದೇ ನಾನು ತಿಳಿದಿದ್ದೆ. ಒಂದು ಸಲವಾದರೂ ಅದನ್ನು ಕಣ್ಣಾರೆ ನೋಡಬೇಕೆಂದು ನನಗೆ ಬಹಳ ದಿನದಿಂದ ಹಟ.

ಅವ್ವನ ದಿನಗಳನ್ನು ಅಜ್ಜಿ ಪಂಚಾಂಗದಲ್ಲಿ ಕುಂಕುಮದ ಚುಕ್ಕೆ ಇಟ್ಟು ಗುರುತು ಮಾಡುತ್ತಿದ್ದಳು. ಮಡಿಯ ಅಡಿಗೆಗೆ ಸೊಸೆ ಯಾವತ್ತು ಸಿಗುವುದಿಲ್ಲ ಎಂದು ತಿಳಿಯಬೇಕಲ್ಲ. ಆ ಸಲ ಚುಕ್ಕೆಯ ದಿನ ಬಂದು ನಾಲ್ಕು ದಿನ ದಾಟಿತ್ತು, ಅಜ್ಜಿ ಎರಡು ಸಲ ಪಂಚಾಂಗ ತೆಗೆದು ನೋಡಿದ್ದಳು. ಇದೆಲ್ಲ ನನಗೆ ಆಗ ತಿಳಿಯದು, ದೊಡ್ಡವಳಾದ ಮೇಲೆ ಜೋಡಿಸಿಕೊಂಡದ್ದು. ಹೊರಡಲಿಕ್ಕೆ ಇನ್ನೂ ಇಪ್ಪತ್ತು ದಿನವಿತ್ತು.

ಆ ಬೆಳಿಗ್ಗೆ ಅವ್ವ ಗ್ಯಾಲರಿಯಲ್ಲಿ ನನಗೆ ಹೆರಳು ಹಾಕುತ್ತಿದ್ದಳು. ಜ್ವರದ ಮೇಲಿನ ಕೂದಲು, ಗಂಟು ಬಿದ್ದಿತ್ತು. ನಾನು ಓಣಿಯ ಕಡೆ ಮುಖ ಮಾಡಿ ಕಟಾಂಜನದ ಸರಳು ಹಿಡಿದು ಕೂತಿದ್ದೆ. ಒಂದು ಕಡೆಯ ಹೆರಳು ಮುಗಿದಿತ್ತು, ಇನ್ನೊಂದು ಕಡೆ ಅರ್ಧಕ್ಕೆ ಬಂದಿತ್ತು. ಮೆಟ್ಟಿಲ ಮೇಲೆ ಅಜ್ಜಿಯ ಹೆಜ್ಜೆ ಕೇಳಿಸಿತು, ಗುಡಿಗೆ ಹೋದವಳು ಬರುತ್ತಿದ್ದಳು. ಅವ್ವ ಇದ್ದಕ್ಕಿದ್ದ ಹಾಗೆ ಕೂದಲು ಬಿಟ್ಟಳು, ಹಣಿಗೆ ಕೆಳಗಿಟ್ಟಳು. ಎದ್ದು ಹೋಗಿ ಮೂಲೆಯಲ್ಲಿ ಕೂತಳು.

"ಹೆಳಲಾ?" ಅಂದೆ ನಾನು.

"ದೂರ ಇರು. ಕಾಗಿ ಮುಟ್ತು."

"ಯಾವ ಕಾಗಿ?"

"ಈಗ ಹೋತಲ್ಲ," ಅಂದಳು ಅವ್ವ. ಅಜ್ಜಿ ಮೇಲೆ ಬಂದು ನಿಂತು ನೋಡಿದಳು, ಒಳಗೆ ಹೋದಳು. ಅವಳ ಮುಖದಲ್ಲಿ ನೆಮ್ಮದಿಯಿತ್ತು.

ನನಗೆ ಕೆಟ್ಟ ಸಿಟ್ಟು ಬಂತು. ಅರ್ಧ ಹೆರಳು, ಅರ್ಧ ಕೆದರಿದ ತಲೆ. ಅದಕ್ಕಿಂತ ದೊಡ್ಡ ಅನ್ಯಾಯ, ನಾನು ಅಷ್ಟು ದಿನ ಕಾದ ಕಾಗೆ ಬಂದು ಹೋಯಿತೆಂದು ಹೇಳುತ್ತಿದ್ದಾಳೆ, ಬೆಳಗಿನಿಂದ ಆ ಕಟಾಂಜನದ ಮೇಲೆ ಒಂದು ಗುಬ್ಬಿ ಕೂಡ ಕೂತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ನನ್ನನ್ನು ಒಳಗೆ ಕೂಡಿಸಿಕೊಂಡು ಉಳಿದ ಹೆರಳು ಹಾಕತೊಡಗಿದಳು. ಅವಳ ಕೈ ಬಿರುಸು, ನೆತ್ತಿ ಉರಿಯಿತು. ಆಗ ನಾನು ಅಂದೆ.

"ಕಾಗಿ ಬಂದೇ ಇಲ್ಲಜ್ಜಿ. ನಾ ಅಲ್ಲೇ ಇದ್ದೆ. ಅವ್ವ ಸುಳ್ಳ ಹೋಗಿ ಕೂತಾಳ."

ಅಜ್ಜಿ ನಕ್ಕಳು. ಬಹಳ ನಕ್ಕಳು. ಅಷ್ಟಕ್ಕೇ ಬಿಡಲಿಲ್ಲ, ಮಧ್ಯಾಹ್ನ ಕೆಳಗೆ ಹೋಗಿ ಮಾವಶಿಗೂ ತನ್ನ ಹರಕು ಮುರುಕು ಮರಾಠಿಯಲ್ಲಿ ಹೇಳಿದಳು, ನಮ್ಮ ಹುಡುಗಿ ಕಾಗೆ ಹುಡುಕುತ್ತಾಳೆ ಅಂತ. ಮಾವಶಿಯೂ ನಕ್ಕಳು. ನಾನು ಅಜ್ಜಿಯ ಸೆರಗು ಹಿಡಿದು ನಿಂತಿದ್ದೆ, ನನ್ನನ್ನು ನಗುತ್ತಿದ್ದಾರೆಂದು ಅವಮಾನವಾಗಿ, "ಖರೇನ ಸುಳ್ಳು. ನಾ ಆಣೀ ಮಾಡ್ತೇನಿ," ಅಂದೆ. ಮಾವಶಿಗೆ ನನ್ನ ಕನ್ನಡ ತಿಳಿಯಲಿಲ್ಲ. ಅಜ್ಜಿಯ ನಗು ನಡುವಿನಲ್ಲೇ ನಿಂತಿತು.

ಹೊರಗೆ ಕೂತವರು ತಮ್ಮ ಬಟ್ಟೆ ತಾವೇ ಒಗೆದು ಹಿತ್ತಲ ಗೋಡೆಯ ಮರೆಯಲ್ಲಿ ಒಣಹಾಕಬೇಕು. ಅಜ್ಜಿ ಎಂದೂ ಆ ಮರೆಗೆ ಹೋದವಳಲ್ಲ. ಆವತ್ತು ಸಂಜೆ ಹೋದಳು. ಮರುದಿನ ಹೋದಳು, ಅದರ ಮರುದಿನವೂ ಹೋದಳು. ಅಲ್ಲಿ ಹಗ್ಗ ಮಾತ್ರ ಇತ್ತು.

ಆ ಮೂರು ದಿನ ಅವ್ವ ಮೂಲೆಯಲ್ಲಿ ಹೇಗೆ ಕೂತಿದ್ದಳೆಂದು ನನಗೆ ಚೆನ್ನಾಗಿ ನೆನಪಿದೆ. ಮೊದಲೆಲ್ಲ ಅವಳು ಆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಗ್ಗಿ ಕೂಡುತ್ತಿದ್ದಳು. ಆ ಸಲ ಓಣಿ ನೋಡುತ್ತ, ಗುನುಗುತ್ತ ಕೂತಿದ್ದಳು. ನನ್ನ ತಮ್ಮನಿಗೆ ದೂರದಿಂದಲೇ ತೆರೆ ಹೇಗೆ ಬರುತ್ತದೆಂದು ಕೈಯಾಡಿಸಿ ತೋರಿಸಿದಳು. ತಾನು ನೋಡಿರದ ತೆರೆ.

ನಾಲ್ಕನೆಯ ದಿನ ಬೆಳಿಗ್ಗೆ ಮಿಂದು, ಒದ್ದೆ ಕೂದಲಿಗೆ ಪಂಚೆ ಸುತ್ತಿಕೊಂಡು ಅಡಿಗೆಮನೆಯ ಹೊಸ್ತಿಲಿಗೆ ಬಂದಳು. ಅಜ್ಜಿ ಒಳಗಿನಿಂದ ಅಡ್ಡ ನಿಂತಳು.

"ನಿಲ್ಲು. ಹಿತ್ತಲದಾಗ ಬಟ್ಟಿ ಯಾಕ ಒಣಗಿಲ್ಲ?"

ಅವ್ವ ಪಂಚೆ ಬಿಚ್ಚಿ ಒದ್ದೆ ಕೂದಲು ಹಿಂಡತೊಡಗಿದಳು.

"ಎಷ್ಟು ದಿನಾ ಆತು ನಿಂತು?"

"ಏನಿಲ್ಲತ್ಯಾ. ಒಂದು ವಾರ ಹೆಚ್ಚಾಗಿರಬೇಕು. ಬರಬಹುದು."

"ಬರೂಹಂಗಿದ್ರ ಸುಳ್ಳು ಯಾಕ ಕೂತಿ? ನಿನಗ ಗೊತ್ತದ. ಗೊತ್ತಿರಲಾರದ ಕೂಡತಿದ್ದೇನು?"

ಅಜ್ಜಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಅವ್ವನೂ ಒಂದು ಮಾತು ಆಡುತ್ತಿದ್ದಳೇನೋ. "ನನ್ನ ಮಗನ್ನ ಪಾಪದಾಗ ಮುಳುಗಸಾಕಿದ್ದಿ," ಅಂದಳು ಅಷ್ಟೇ. ಹೋದ ವರ್ಷದ್ದು ನಿಲ್ಲಲಿಲ್ಲ, ಮೋಟಾರಿನಲ್ಲಿ ಕುಲುಕಿಕೊಂಡು ಘಟ್ಟ ಇಳಿದು ಇದನ್ನೂ ಕಳೆದುಕೊಳ್ಳುತ್ತೀಯಾ ಎಂದೂ ಕೇಳಿದಳು. ಇವತ್ತು ಯೋಚಿಸಿದರೆ ಅಜ್ಜಿಯ ಹೆದರಿಕೆಯಲ್ಲಿ ಒಂದು ಪಾಲು ನಿಜವೂ ಇತ್ತು. ಆದರೆ ಅದು ಹೊಟ್ಟೆಯಲ್ಲಿದ್ದದ್ದರ ಹೆದರಿಕೆ, ಹೊಟ್ಟೆ ಹೊತ್ತವಳದಲ್ಲ.

ಸಂಜೆ ಅಪ್ಪ ಕಚೇರಿಯಿಂದ ಬಂದರು. ಅಜ್ಜಿ ಹೇಳಿದ್ದನ್ನು ಕೇಳಿ ಅವ್ವನ ಕಡೆ ನೋಡಲೂ ಇಲ್ಲ. ಕೋಟು ಗೂಟಕ್ಕೆ ಹಾಕಿ ಮಾಡದ ಹತ್ತಿರ ಹೋಗಿ ನಿಂತರು. ಆಗ ಅವ್ವ, ನನ್ನ ಎದುರಿಗೆ, ಅಜ್ಜಿಯ ಎದುರಿಗೆ, ಅಪ್ಪನ ಜೊತೆ ನೇರ ಮಾತಾಡಿದಳು. ಅವಳು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನೀವು ನೀರಿಗೆ ಇಳೀಬ್ಯಾಡ್ರಿ. ಸ್ನಾನಾ ಬ್ಯಾಡ. ದಂಡೀ ಮ್ಯಾಲೆ ಕೂತು ಬರೋಣ್ರಿ."

ಅಪ್ಪ ವೇಳಾಪತ್ರಿಕೆಯನ್ನು ಪಂಚಾಂಗದ ಕೆಳಗೆ ಸರಿಸಿ, "ಸಮುದ್ರಕ್ಕ ಹೋಗಿ ಸ್ನಾನಾ ಮಾಡಲಾರದ ಬಂದ್ರ ಜನಾ ಏನಂದಾರು?" ಅಂದರು. ಆಮೇಲೆ, "ಮುಂದಿನ ವರ್ಷ ನೋಡೋಣ."

ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಎಂಟು ದಿನದ ಮೇಲೆ ಅಪ್ಪ ಊಟಕ್ಕೆ ಕೂತಾಗ, ಮಂಜೂರಾದ ರಜೆ ವಾಪಸು ಕೊಟ್ಟರೆ ಸಾಹೇಬರು ಮುಂದೆ ಕೊಡುವುದಿಲ್ಲ ಅಂದರು. ಮಾವಶಿಯ ಗಂಡ ಬಹಳ ಒತ್ತಾಯ ಮಾಡುತ್ತಿದ್ದಾರೆ ಅಂದರು. ಹುಡುಗಿಗೆ ವೈದ್ಯರು ಹವಾಪಾಲಟ ಹೇಳಿದ್ದಾರಲ್ಲ ಅಂದರು. "ನಾ ಏನ್ ಸ್ನಾನಾ ಮಾಡೂದಿಲ್ಲ. ದಂಡೀ ಮ್ಯಾಲೆ ಕೂತು ಬರ್ತೇನಿ."

ಅಜ್ಜಿ ಒಂದು ಮಾತು ಅಡ್ಡ ಹೇಳಲಿಲ್ಲ. ಅವ್ವ ಮಜ್ಜಿಗೆ ಬಡಿಸುತ್ತಿದ್ದಳು. ಬಡಿಸುತ್ತಲೇ ಇದ್ದಳು, ಅಪ್ಪನ ಎಲೆಯ ಅಂಚು ದಾಟಿ ಮಜ್ಜಿಗೆ ಹರಿಯಿತು. ಆ ಮಾತು ತನ್ನದು, ಎಂಟೇ ದಿನದ ಹಿಂದೆ ತಾನು ಆಡಿದ್ದು ಎಂದು ಅವಳು ಹೇಳಲಿಲ್ಲ. ಕೈ ಒರೆಸುವ ಬಟ್ಟೆ ತಂದು ನೆಲ ಒರೆಸಿದಳು.

ಹೊರಡುವ ಹಿಂದಿನ ದಿನ ನನ್ನ ತಲೆ ಬಾಚುತ್ತ ಅವ್ವ ಮೆಲ್ಲಗೆ ಕೇಳಿದಳು. "ಅಜ್ಜೀ ಮುಂದ ನೀ ಏನರ ಹೇಳಿದ್ದೇನು?"

"ಇಲ್ಲ," ಅಂದೆ. ಹೌದು ಅಂದರೆ ನನ್ನನ್ನು ಬಿಟ್ಟು ಹೋಗುತ್ತಾರೆಂದು ಹೆದರಿದೆ. ಇದು ನಿಜ, ಇದಕ್ಕಿಂತ ಚೆಂದದ ಕಾರಣ ನನ್ನಲ್ಲಿಲ್ಲ.

"ಇರಲಿ. ಸುಮ್ನ ಕೇಳಿದೆ," ಅಂದು ಎರಡೂ ಕಡೆ ಹೆರಳು ಬಿಗಿಯಾಗಿ ಹಾಕಿ ತುದಿಗೆ ರಿಬ್ಬನ್ನು ಕಟ್ಟಿದಳು. ಹಾದಿಯಲ್ಲಿ ಬಿಚ್ಚಬಾರದು ಅಂತ.

ಗುಹಾಗರ ಮಾವಶಿ ಹೇಳಿದ ಹಾಗೆಯೇ ಇತ್ತು. ಎಷ್ಟು ಸದ್ದಿಲ್ಲದ ಊರೆಂದರೆ ಮಧ್ಯಾಹ್ನ ತೆಂಗಿನ ಗರಿ ಬಿದ್ದರೆ ಯಾರೋ ಬಂದರೇನೋ ಎಂದು ನಾಯಿ ಎದ್ದು ನೋಡುತ್ತಿತ್ತು. ಸೋದರತ್ತೆ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಕೋಕಮ್ಮಿನ ಸಾರು, ಹಲಸಿನ ಹಣ್ಣು ಕೊಡುತ್ತಿದ್ದರು. ಊಟ ಆದರೆ ನಿದ್ದೆ, ನಿದ್ದೆಯಾದರೆ ದಂಡೆ. ಅಪ್ಪ ಮೊದಲನೆಯ ಸಂಜೆಯೇ ರುಮಾಲು ತೆಗೆದು ಪಕ್ಕಕ್ಕಿಟ್ಟು, ಮರಳಿನಲ್ಲಿ ಕಾಲು ಚಾಚಿ, ಕೈ ಹಿಂದಕ್ಕೆ ಊರಿ ಕೂತರು. ಕತ್ತಲಾಗುವ ತನಕ ಕೂತರು. ಯಾರೂ ಯಾಕೆ ಎಂದು ಕೇಳಲಿಲ್ಲ. ಸ್ನಾನ ಯಾಕಿಲ್ಲ ಎಂದೂ ಯಾರೂ ಕೇಳಲಿಲ್ಲ, ಅಲ್ಲಿ ಕೇಳುವ ಜನವೇ ಇರಲಿಲ್ಲ.

ಹುಣ್ಣಿಮೆಯ ದಿನ ಮಾವಶಿಯೂ ಅವಳ ಗಂಡನೂ ಸಂಕಲ್ಪ ಮಾಡಿ ನೀರಿಗಿಳಿದರು. ಅಪ್ಪ ಅವರ ಒಣ ಬಟ್ಟೆ ಹಿಡಿದುಕೊಂಡು ಅಂಚಿನಲ್ಲಿ ನಿಂತರು. ಒಂದು ದೊಡ್ಡ ತೆರೆ ಬಂದು ಅವರ ಮೊಣಕಾಲಿನ ತನಕ ಏರಿತು. ಹಿಂದೆ ಸರಿಯಲಿಕ್ಕೆ ಬೇಕಾದಷ್ಟು ಹೊತ್ತಿತ್ತು, ಸರಿಯಲಿಲ್ಲ. ಧೋತರ ತೊಯ್ದು ತೊಡೆಗೆ ಅಂಟಿತು. ನಾನು, "ಅಪ್ಪಾ, ನೀವು ಮುಟ್ಟಬಾರದಲ್ಲ," ಅಂದೆ.

ಅಪ್ಪ ನಗುತ್ತ, "ನಾ ಎಲ್ಲೆ ಮುಟ್ಟಿದೆ? ಅದ ಬಂದು ಮುಟ್ತು," ಅಂದರು.

ಅವರು ಹಾಗೆ ನಕ್ಕದ್ದನ್ನು ನಾನು ಪುಣೆಯಲ್ಲಿ ನೋಡಿರಲಿಲ್ಲ. ನಾನೂ ನಕ್ಕೆ. ಅದನ್ನು ನೆನೆದರೆ ಬಾಯಿ ಕಹಿಯಾಗುತ್ತದೆ. ಕಾಗೆ ಬಂದು ಮುಟ್ಟಿದರೆ ಹೆಂಗಸು ಮೂರು ದಿನ ಮೂಲೆಗೆ, ಸಮುದ್ರ ಬಂದು ಮುಟ್ಟಿದರೆ ಗಂಡಸಿಗೆ ನಗು. ಆಗ ಇದೆಲ್ಲ ಹೊಳೆಯಲಿಲ್ಲ. ನಾನು ತಮ್ಮನ ಜೊತೆ ಐದು ದಿನ ಕವಡೆ ಆರಿಸಿದೆ, ಏಡಿಯ ಹಿಂದೆ ಓಡಿದೆ, ಮೂರು ಹೊತ್ತು ತಿಂದೆ, ಕೆನ್ನೆಗೆ ಬಣ್ಣ ಬಂತು. ಅವ್ವನ ನೆನಪೇ ಆಗಲಿಲ್ಲ.

ವಾಪಸು ಬಂದಾಗ ಅವ್ವ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಪ್ಪ ಪ್ರಯಾಣದ ವರದಿ ಒಪ್ಪಿಸಿದರು, ಯಾವ ಗಾಡಿ ಎಷ್ಟು ತಡ, ಘಟ್ಟದಲ್ಲಿ ಎಷ್ಟು ತಿರುವು. ಅವ್ವನಿಗೆಂದು ಮಾವಶಿ ಒಂದು ಬಾಟಲಿಯಲ್ಲಿ ಸಮುದ್ರದ ನೀರು ತುಂಬಿ ತಂದಿದ್ದಳು, ಪಾಪ, ಪುಣ್ಯ ಬರಲಿ ಅಂತ. ಅಜ್ಜಿ ಅದನ್ನು ತೆಗೆದುಕೊಂಡು ತನ್ನ ಸ್ನಾನದ ನೀರಿಗೆ ಹಾಕಿಕೊಂಡಳು. ಅವ್ವ ನನ್ನನ್ನು ಕೇಳಿದ್ದು ಒಂದೇ. "ಮರಳು ಮೆತ್ತಗದ ಏನು?"

"ಭಾಳ ಮೆತ್ತಗದ," ಅಂದೆ. ಅವಳು ತಲೆಯಾಡಿಸಿ ಒಲೆಯ ಕಡೆ ಹೋದಳು.

ಆ ಚಳಿಗಾಲದಲ್ಲಿ ನನ್ನ ತಂಗಿ ಹುಟ್ಟಿದಳು. ಈಗ ಮುಂಬಯಿಯಲ್ಲಿ ಸಂಸಾರ, ಸಮುದ್ರದ ಹೆಸರೆತ್ತಿದರೆ ವಾಸನೆ ಎಂದು ಮೂಗು ಮುರಿಯುತ್ತಾಳೆ. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಆದರೂ ಆ ಮಾತು ಬಂದಾಗ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತೇನೆ. ಮುಂದಿನ ವರ್ಷಗಳಲ್ಲಿ ಅಪ್ಪ ವೇಳಾಪತ್ರಿಕೆಯನ್ನು ಕೆಳಗಿಳಿಸಲಿಲ್ಲ. ನೋಡಿ ಬಂದಿದ್ದರಲ್ಲ, ಇನ್ನು ಯೋಜನೆ ಹಾಕುವುದರಲ್ಲಿ ರುಚಿಯಿರಲಿಲ್ಲ.

ಅಜ್ಜಿ ಸತ್ತಳು. ನನ್ನ ಮದುವೆಯಾಯಿತು, ಗಂಡನ ಮನೆ ಪುಣೆಯಲ್ಲೇ. ಅವ್ವನಿಗೆ ನಲವತ್ತೈದು ದಾಟುವುದರೊಳಗೆ ಮೊಣಕಾಲು ಊದಿ ಗುಂಡಾದವು, ಭುಜವೂ ಹಿಡಿದುಕೊಂಡು ತನ್ನ ಜಡೆ ತಾನು ಹಾಕಿಕೊಳ್ಳಲಾಗದ ಹಾಗಾಯಿತು. ನಾನು ವಾರಕ್ಕೆರಡು ಸಲ ಹೋಗಿ ತಲೆ ಬಾಚಿ ಬರುತ್ತಿದ್ದೆ. ಎರಡನೆಯ ದೊಡ್ಡ ಯುದ್ಧ ಮುಗಿದ ಮರುವರ್ಷ ಒಂದು ಮಧ್ಯಾಹ್ನ, ಅದೇ ಗ್ಯಾಲರಿಯಲ್ಲಿ, ಅವಳ ಹಿಂದೆ ಕೂತು ಬಾಚುತ್ತ ಹೇಳಿದೆ, ಈ ವೈಶಾಖದಲ್ಲಿ ನಾವಿಬ್ಬರೇ ಹೋಗೋಣ, ಪರ್ವ ಗಿರ್ವ ಏನೂ ನೋಡುವುದು ಬೇಡ, ನಮ್ಮ ಮನೆಯವರು ಮೋಟಾರಿನ ವ್ಯವಸ್ಥೆ ಮಾಡುತ್ತಾರೆ ಎಂದು. ನನ್ನ ಯೋಜನೆ ಅಪ್ಪನ ಯೋಜನೆಗಿಂತ ಪಕ್ಕಾ ಇತ್ತು.

ಅವ್ವ ತನ್ನ ಕಾಲುಗಳ ಕಡೆ ನೋಡಿಕೊಂಡಳು. ಈಗ ಅವು ಮಡಚುತ್ತಿರಲಿಲ್ಲ, ಹಗಲೆಲ್ಲ ಮುಂದಕ್ಕೆ ಚಾಚಿಯೇ ಇರುತ್ತಿದ್ದವು. "ಇನ್ನ ಎಲ್ಲಿಗ್ಯಾಕ," ಅಂದಳು. "ಮನ್ಯಾಗ ಚಾಚಿದ್ದು ಸಾಕಾಗ್ಯದ."

ಆಗ ನನ್ನಿಂದ ತಡೆಯಲಾಗಲಿಲ್ಲ. "ಅವ್ವಾ, ಅವತ್ತು ಅಜ್ಜೀಗೆ ಹೇಳಿದ್ದು ನಾ."

"ಗೊತ್ತದ."

"ಯಾವಾಗಿಂದ?"

"ಅವಾಗಿಂದನ. ಕಾಗಿ ಹುಡುಕಿದಾಕಿ ನೀ ಒಬ್ಬಾಕಿ," ಅಂದಳು. ಬೈಯುವ ದನಿಯಲ್ಲ, ಕ್ಷಮಿಸಿದ ದನಿಯೂ ಅಲ್ಲ. ಹಾಲು ಉಕ್ಕಿದ್ದು ಯಾಕೆಂದು ಯೋಚಿಸುವವರ ದನಿ. "ಹೆಳಲು ಅರ್ಧಕ್ಕ ಬಿಟ್ಟು ಎದ್ದರ ಅತ್ಯಾಗ ಖರೆ ಅನಸ್ತದ ಅಂತ ಮಾಡಿದ್ದೆ. ತಪ್ಪಾತು. ಪೂರಾ ಹಾಕಿ ಹೋಗಿ ಕೂಡಬೇಕಾಗಿತ್ತು. ನಿನಗ ಸಿಟ್ಟ ಬರ್ತಿದ್ದಿಲ್ಲ, ನೀ ಹೇಳ್ತಿದ್ದಿಲ್ಲ."

ಇಷ್ಟು ವರ್ಷ ಅವಳು ಆ ಬೆಳಿಗ್ಗೆಯನ್ನು ಹಿಂದು ಮುಂದು ಮಾಡಿ ನೋಡುತ್ತಲೇ ಇದ್ದಳು. ಅಪ್ಪನನ್ನಲ್ಲ, ಅಜ್ಜಿಯನ್ನಲ್ಲ, ನನ್ನನ್ನೂ ಅಲ್ಲ. ತನ್ನ ಕೈ ಎಲ್ಲಿ ತಪ್ಪಿತು ಎಂದು ಹುಡುಕುತ್ತಿದ್ದಳು. ನನ್ನ ಬೆರಳು ಅವಳ ಕೂದಲಿನಲ್ಲಿ ನಿಂತೇಬಿಟ್ಟಿತು, ಮೂರು ಎಳೆ ಹಿಡಿದದ್ದು ಹಾಗೆಯೇ.

"ಹಾಕು," ಅಂದಳು ಅವ್ವ. "ಅರ್ಧಕ್ಕ ಬಿಡಬ್ಯಾಡ."